ಅಕ್ಕನಿಗೆ ಎಡಬಲ ಗೊತ್ತಿತ್ತು

ಬಾವ, ಆ ದಿನ ವೈದ್ಯರ ಮುಂದೆ ಸುಳ್ಳು ಹೇಳಿದ್ದು ಅಕ್ಕ, ಹೇಳಿಸಿದ್ದು ನಾನು. ನೋಯುತ್ತಿದ್ದುದು ಎಡಗಾಲು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು—ನನಗೂ.

ಐದು ವರ್ಷವಾಯಿತು. ಹೆರಿಗೆಗೆಂದು ಪಾಂಡವಪುರಕ್ಕೆ ಬಂದಿದ್ದ ಅಕ್ಕನಿಗೆ ಮಗು ಹುಟ್ಟಿದ ಮೇಲೆ ಎರಡೂ ಕಾಲು ಊದಿದ್ದವು. ನೋವು ಮಾತ್ರ ಎಡ ಮೀನಖಂಡದಲ್ಲಿ. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಶಬ್ದದಿಂದಲೇ ಅದನ್ನು ಪತ್ತೆಮಾಡುವ ಯಂತ್ರ ಮೈಸೂರಿಗೆ ಬಂದಿದೆ, ತೋರಿಸಿ ಎಂದರು ಊರಿನ ಡಾಕ್ಟರು. ನಾನೋ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಕೊಬ್ಬಿದ್ದವನು. ನೋವೆಲ್ಲಿ ಎಂದು ರೋಗಿಯನ್ನೇ ಕೇಳಿಕೊಂಡು ಅಲ್ಲೇ ಕಾಯಿಲೆ ಎನ್ನುವ ಯಂತ್ರಕ್ಕೂ ಕಣಿ ಹೇಳುವವಳಿಗೂ ಏನು ವ್ಯತ್ಯಾಸ? ಬಸ್ಸು ಬಾಬುರಾಯನಕೊಪ್ಪಲು ದಾಟುವಷ್ಟರಲ್ಲಿ ನನ್ನ ಪರೀಕ್ಷೆ ಸಿದ್ಧವಾಗಿತ್ತು.

"ಕೇಳುದ್ರೆ ಬಲಗಾಲು ಅನ್ನಕ್ಕ. ಯಂತ್ರ ಏನಂತದೆ ನೋಡವ."

"ನಿನ್ ವಾದ ಕೇಳೋದ್ಕಿಂತ ಕಾಲ್ನೋವೇ ವಾಸಿ ಕಣ್ಲಾ. ಅಂಗೇ ಅಂತೀನಿ, ಬುಡು."

ಬಲಗಾಲು ಎಂದಳು ಅಕ್ಕ. ಮೈಸೂರಿನ ವೈದ್ಯರು ಅವಳ ಬಲ ತೊಡೆಯ ಸಂದಿಗೆ, ಪೆಟ್ಟಿಗೆಯೊಂದಕ್ಕೆ ತಂತಿಯಿಂದ ಜೋಡಿಸಿದ್ದ ಪೆನ್ನಿನಂಥದ್ದನ್ನು ಹಿಡಿದು ಮೀನಖಂಡ ಹಿಚುಕಿದರು. ಪೆಟ್ಟಿಗೆಯಿಂದ ಸುಯ್ಯೆಂದು ಗಾಳಿ ನುಗ್ಗಿದಂತೆ—ಅಕ್ಕನ ರಕ್ತ ಹರಿಯುವ ಸದ್ದು. "ಇದು ಚೆನ್ನಾಗಿದೆ" ಎಂದರು. ಯಂತ್ರ ಗೆದ್ದಿತ್ತು. ಆಗಲೇ ಬಾಯಿ ಬಿಡಬೇಕಿತ್ತು—ಬಿಡಲಿಲ್ಲ. ಅಷ್ಟಕ್ಕೇ ಅವರು ಮನೆಗೆ ಕಳಿಸಿದ್ದರೆ...

ಎರಡು ಕಾಲನ್ನೂ ಹೋಲಿಸಿ ಕೇಳುವುದು ಅವರ ಕ್ರಮವಂತೆ. ಎಡಗಾಲು ಹಿಚುಕಿದರು, ಮತ್ತೊಮ್ಮೆ ಹಿಚುಕಿದರು. ಪೆಟ್ಟಿಗೆ ಉಸಿರೆತ್ತಲಿಲ್ಲ.

"ನೋವು ಬಲಗಾಲು ಅಂದ್ರಲ್ಲಮ್ಮ?"

ಅಕ್ಕ ನನ್ನತ್ತ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ.

"ಎಡ ಯಾವ್ದು ಬಲ ಯಾವ್ದು ತಪ್ಪೋಯ್ತು ಸ್ವಾಮಿ" ಎಂದಳು.

ಹೆಪ್ಪು ಬೆಳೆಯದಂತೆ ಸೂಜಿಮದ್ದು ಕೊಟ್ಟು, ಕಾಲಡಿಗೆ ದಿಂಬಿಟ್ಟು ಮಲಗಿಸಿದರು. ಎಷ್ಟೋ ದಿನದ ಮೇಲೆ ಅದೇ ಪೆನ್ನು ಎಡಗಾಲಿಗೆ ಬಂತು. ಮೊದಲು ಸಣ್ಣಗೆ, ಆಮೇಲೆ ಸುಯ್ಯೆಂದು—ಆ ಸದ್ದಿನಷ್ಟು ಸಂತೋಷ ಯಾವ ಚಪ್ಪಾಳೆಯೂ ನನಗೆ ಕೊಟ್ಟಿಲ್ಲ. "ನನ್ ಕಾಲು ಸೀಟಿ ಒಡೀತದಲ್ಲೋ" ಎಂದು ಅಕ್ಕ ನಕ್ಕಳು, ವಾರ್ಡೇ ನಕ್ಕಿತು.

ಬೂಕನಕೆರೆಯಿಂದ ಬಂದ ನೀವು, ಸಮಯಕ್ಕೆ ಕರೆತಂದೆ ಎಂದು ನನ್ನ ಬೆನ್ನು ತಟ್ಟಿದಿರಿ. ಎಡಬಲ ತಿಳಿಯದವಳೆಂಬ ಹೆಸರು ಅಕ್ಕನಿಗಾಯಿತು. ಮೊನ್ನೆ ನಿಮ್ಮ ಮಗಳು ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡಾಗ "ಥೇಟ್ ಅವ್ರವ್ವನೇ ಕಣ್ರಲಾ" ಎಂದಿರಿ. ಎಲ್ಲರೂ ನಕ್ಕರು. ಅಕ್ಕನೂ. ನಾನೂ ನಕ್ಕೆ, ಬಾವ—ಮಗು ಮಾತ್ರ ಅವ್ವನ ಮುಖ ನೋಡುತ್ತ ನಿಂತಿತ್ತು.

ಭಾನುವಾರ ಬರುತ್ತೇನೆ. ಇದನ್ನು ಎಲ್ಲರೆದುರು, ಮಗುವಿಗೂ ಕೇಳುವಂತೆ ಹೇಳುತ್ತೇನೆ. ಅಕ್ಕ "ಬುಡ್ಲಾ ಅತ್ಲಾಗೆ" ಎನ್ನುತ್ತಾಳೆ, ಬಿಡುವುದಿಲ್ಲ. ಇನ್ನು ಮೇಲೆ ನಗುವುದಿದ್ದರೆ ನನ್ನನ್ನು ನೋಡಿ ನಗಿ.