ಕೆಡದೆ ಉಳಿದ ಗೇರ್‌ಬಾಕ್ಸ್

ಸಾಲುಗಟ್ಟಿದ ಕಾರುಗಳ ಹಾರ್ನಿಗೆ ಬೆನ್ನು ಕೊಟ್ಟು ನೀವು ಎಂದಾದರೂ ನೆಲದ ಮೇಲೆ ಕೂತಿದ್ದೀರಾ? ನಾನು ಕೂತೆ. ಹೋದ ವಾರ, ಬೆಳಗಿನ ಆಫೀಸ್ ಹೊತ್ತಿನಲ್ಲಿ, ಖರಾಡಿಯ ನಮ್ಮ ಸೊಸೈಟಿಯ ಗೇಟಿನಲ್ಲಿ.

ಆದದ್ದಿಷ್ಟು. ನಮಗೆ ನೀರು ತರುವ ಟ್ಯಾಂಕರ್ ನೆಲದಡಿಯ ಸಂಪ್‌ಗೆ ನೀರು ಬಿಟ್ಟು ಹೊರಗೆ ಹೋಗುತ್ತಿತ್ತು. ಗೇಟಿನ ಏರಿನಲ್ಲಿ ಕ್ಲಚ್ ಕೈಕೊಟ್ಟಿತು. ಗಾಡಿ ಅಲ್ಲೇ ನಿಂತಿತು. ಪಕ್ಕದಲ್ಲಿ ಸ್ಕೂಟರ್ ನುಸುಳಬಹುದು, ಕಾರು ಸಾಧ್ಯವಿಲ್ಲ. ನಮಗಿರುವುದು ಒಂದೇ ಗೇಟು. (ಎರಡನೆಯದು ಬಿಲ್ಡರನ ಬ್ರೋಷರಿನಲ್ಲಿದೆ.)

ನಾನು ಸೊಸೈಟಿಯ ಸೆಕ್ರೆಟರಿ. ಬೇರೆ ಯಾರೂ ಒಪ್ಪಲಿಲ್ಲ, ಹಾಗಾಗಿ ನಾನು. ಓಡಿದೆ.

ಟ್ಯಾಂಕರಿಗೆ ಮಾಲೀಕನೂ ಡ್ರೈವರೂ ಒಬ್ಬನೇ, ಇಂಡಿ ಕಡೆಯ ಬಸವರಾಜ. ಅವನ ಸಂಸಾರ ನಡೆಯುವುದು ಈ ಒಂದು ಗಾಡಿಯ ಮೇಲೆ. ಅವನು ಆಗಲೇ ಕ್ರೇನ್ ಕರೆಸಿದ್ದ. ಕ್ರೇನಿನವನು ಟ್ಯಾಂಕರಿನ ಮುಂದಿನ ಗಾಲಿಗಳನ್ನು ಎತ್ತಿ, ಹಿಂದಿನ ಗಾಲಿಗಳ ಮೇಲೆ ಉರುಳಿಸಿಕೊಂಡು ಹೋಗಲು ಸಿದ್ಧನಾಗುತ್ತಿದ್ದ.

“ಎಲ್ಲಿಗೆ ಒಯ್ಯೋದು?” ಎಂದು ಕೇಳಿದೆ.

“ನಿಗಡಿಗ್ರಿ ಅಕ್ಕಾರ. ನಮ್ಮ ಗಾಡಿ ರಿಪೇರಿ ಮಿಸ್ತ್ರಿ ಅಲ್ಲೇ ಇರ್ತಾನ,” ಎಂದ ಬಸವರಾಜ.

ನಿಗಡಿ! ಊರಿನ ಈ ತುದಿಯಿಂದ ಆ ತುದಿ. ಹಾಗೇ ಒಯ್ಯಲು ಬಿಡುವಂತಿರಲಿಲ್ಲ.

ಯಾಕೆಂದು ಹೇಳಬೇಕು. ನಾನು ಲಾರಿ ಕಂಪನಿಯೊಂದರ ವಾರಂಟಿ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಸುಟ್ಟು ನೀಲಿಗಟ್ಟಿದ ಬೇರಿಂಗುಗಳು, ಅಂಟಿಕೊಂಡ ಗೇರುಗಳು ನನ್ನ ಮೇಜಿಗೆ ಬರುತ್ತಿದ್ದವು. ಜೊತೆಗೆ ಬರುತ್ತಿದ್ದ ಮಾತೂ ಒಂದೇ: “ನ್ಯೂಟ್ರಲ್ ಮಾಡಿಯೇ ಎಳೆದಿದ್ದೆವು ಮೇಡಂ.”

“ಹಿಂದಿನ ಶಾಫ್ಟ್ ಬಿಚ್ಚಿ ಒಯ್ಯೋಣ್ರಿ ಬಸವರಾಜ,” ಎಂದೆ.

“ಬಿಡ್ರಿ ಅಕ್ಕಾರ, ನ್ಯೂಟ್ರಲ್ ಹಾಕೀನಿ. ಮಂದಿ ಭಾಳ ಒದರಾಕತ್ತಾರ.”

“ಇಂಜಿನ್ ಬಂದ್ ಅದ. ಹಿಂದಿನ ಗಾಲಿ ತಿರುಗಿದ್ರ ಶಾಫ್ಟ್ ತಿರಗ್ತದ. ಶಾಫ್ಟ್ ತಿರುಗಿದ್ರ ಗೇರ್‌ಬಾಕ್ಸಿನ ಒಳಗ ತಿರಗ್ತದ. ಇಂಜಿನ್ ನಡೀಲಿಲ್ಲಂದ್ರ ಎಣ್ಣಿ ಮ್ಯಾಲ ಹೆಂಗ ಏರತದ? ಅದು ತಳದಾಗ ಕುಂತಿರ್ತದ. ಮ್ಯಾಲಿಂದು ಒಣಾ ಒಣಾ ತಿರಗತದ, ನಿಗಡಿ ತನಕ!”

ಅವನು ನನ್ನ ಮುಖ ನೋಡಿದ. ಹಿಂದೆ ನಿಂತ ಕಾರುಗಳನ್ನು ನೋಡಿದ. ಕ್ರೇನಿನವನು ನಕ್ಕು ಮರಾಠಿಯಲ್ಲಿ ಕೇಳಿದ. “ನ್ಯೂಟ್ರಲ್ ಆಹೇ ನಾ ಮ್ಯಾಡಂ? ಮಗ ಕಸಲಾ ಟೆನ್ಶನ್?” ನ್ಯೂಟ್ರಲಿನಲ್ಲಿದೆಯಲ್ಲ, ಮತ್ತೇಕೆ ಟೆನ್ಶನ್ ಎಂದು. ಅವನಿಗಂತೂ ಟೆನ್ಶನ್ ಇರಲಿಲ್ಲ. ಗೇರ್‌ಬಾಕ್ಸ್ ಅವನದಲ್ಲವಲ್ಲ!

ರಸ್ತೆಗೆ ಎಳೆದು ಅಲ್ಲಿ ಬಿಚ್ಚಬಹುದಿತ್ತು. ಆ ನಾಲ್ಕು ಮಾರು ದೂರಕ್ಕೆ ಏನೂ ಆಗುವುದಿಲ್ಲ. ಆದರೆ ಹೊರಗೆ ಪೈಪಿಗೆಂದು ಅರ್ಧ ರಸ್ತೆ ಅಗೆದಿದ್ದಾರೆ. ಅಲ್ಲಿ ನಿಲ್ಲಿಸಿದರೆ ಇಡೀ ಬಡಾವಣೆಯೇ ಬಂದ್. ಬಿಚ್ಚಿದರೆ ಇಲ್ಲೇ, ಈಗಲೇ.

ಅಷ್ಟರಲ್ಲಿ ಸಿ ವಿಂಗಿನ ಕಾರ್ತಿಕ್ ಕಾರಿನಿಂದ ಇಳಿದು ಬಂದ. ಬೆಂಗಳೂರಿನ ಹುಡುಗ, ಒಳ್ಳೆಯವನೇ. “ಮೇಡಂ, ನಂಗೆ ಕ್ಲೈಂಟ್ ಕಾಲ್ ಇದೆ. ಪ್ಲೀಸ್, ಫಸ್ಟ್ ಎಳೆಸಿಬಿಡಿ. ಗಾಡಿ ಅವರದು, ಅವರೇ ಓಕೆ ಅಂತಿದಾರಲ್ಲ?”

ಅದೂ ನಿಜ. ಗಾಡಿ ಅವನದು. ನಡುವೆ ನಾನ್ಯಾರು?

ಆದರೂ ಹೇಳಿದೆ: “ಬಿಚ್ಚದೆ ಗಾಡಿ ಹೊರಗೆ ಹೋಗುವುದಿಲ್ಲ.” ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಬಸವರಾಜ ಹ್ಯಾಂಡ್‌ಬ್ರೇಕ್ ಎಳೆದ. ಗಾಲಿಗಳಿಗೆ ಕಲ್ಲು ಕೊಟ್ಟ. ಕ್ರೇನಿನವನಿಂದ ಬೋಲ್ಟು ಬಿಚ್ಚುವ ಪಾನಾ ಇಸಿದುಕೊಂಡು ಗಾಡಿಯ ಕೆಳಗೆ ತೂರಿದ. ಅಲ್ಲಿ ಕತ್ತಲು, ಕೆಸರು. ನಾನು ನೆಲಕ್ಕೆ ಕೂತು ಮೊಬೈಲಿನ ಬೆಳಕು ಹಿಡಿದೆ. ಮೂರು ಬೋಲ್ಟು ಸುಲಭವಾಗಿ ಬಂದವು. ನಾಲ್ಕನೆಯದಕ್ಕೆ ತುಕ್ಕು. ಅಂಥದ್ದು ಯಾವಾಗಲೂ ಒಂದು ಇರುತ್ತದೆ, ಅಲ್ಲವೇ? ಸುತ್ತಿಗೆಯ ಏಟು, ಬಸವರಾಜನ ಬೈಗುಳ, ಹಾರ್ನು, ವಾಟ್ಸಾಪಿನ ಟಣ್ ಟಣ್. ಆ ಮೊಬೈಲಿನಲ್ಲೇ ಸೊಸೈಟಿಯವರ ಮೆಸೇಜುಗಳು ಬರುತ್ತಿದ್ದವು. ‘ಹೂ ಈಸ್ ರೆಸ್ಪಾನ್ಸಿಬಲ್?’

ನನ್ನ ಗಂಡ ಬಾಲ್ಕನಿಯಿಂದ ಕೂಗಿದರು. “ನಿನಗ್ಯಾಕ ಬೇಕಿತ್ತ ಇದು?” ನಾನು ಬೆಳಕನ್ನು ಬೋಲ್ಟಿನತ್ತ ತಿರುಗಿಸಿದೆ.

ಕೊನೆಗೂ ಬೋಲ್ಟು ಬಂತು. ಶಾಫ್ಟನ್ನು ಕಳಚಿ ಕ್ಯಾಬಿನ್ನಿನಲ್ಲಿ ಮಲಗಿಸಿದರು. ಟ್ಯಾಂಕರ್ ಹೊರಟಿತು. ಕಾರುಗಳೂ ಹೊರಟವು. ಯಾರೂ ಗಾಜು ಇಳಿಸಲಿಲ್ಲ. ಕಾರ್ತಿಕ್‌ನ ಕಾಲ್ ತಪ್ಪಿತು. ಅವನಿಗೆ ಮ್ಯಾನೇಜರಿನಿಂದ ಬೈಗುಳವೂ ಸಿಕ್ಕಿತಂತೆ. ಅದು ನನಗೆ ಇವತ್ತಿಗೂ ಬೇಸರ.

ಶುಕ್ರವಾರ ಟ್ಯಾಂಕರ್ ಹೊಸ ಕ್ಲಚ್ಚಿನೊಂದಿಗೆ ಬಂತು. ಗೇರುಗಳು ಬೆಣ್ಣೆಯಂತೆ ಬೀಳುತ್ತಿದ್ದವು. ನಾನು ಇಳಿದುಹೋದೆ. ಒಂದು ಒಳ್ಳೆಯ ಮಾತು ಕೇಳುವ ಆಸೆ ಇತ್ತು, ಸುಳ್ಳೇಕೆ ಹೇಳಲಿ?

“ಗೇರ್‌ಬಾಕ್ಸ್ ಹೆಂಗದ?”

“ಏನೂ ಆಗಿಲ್ರಿ.” ಬಸವರಾಜ ತಲೆ ಕೆರೆದುಕೊಂಡ. “ಮಿಸ್ತ್ರಿ ಅಂದ, ಹಂಗ ತಂದಿದ್ರೂ ಏನೂ ಆಗ್ತಿರಲಿಲ್ಲಂತ. ಸುಮ್ನ ನಿಮಗ ತ್ರಾಸ ಆತು ನೋಡ್ರಿ.”

ಅವನು ನೊಂದುಕೊಂಡೇ ಹೇಳಿದ. ಅದಕ್ಕೇ ಸಿಟ್ಟೂ ಬರಲಿಲ್ಲ. ಬರೀ ಸುಸ್ತು.

ಭಾನುವಾರ ಮೀಟಿಂಗ್. ಮೊದಲ ವಿಷಯವೇ ಗೇಟು. ಕಾರ್ತಿಕ್ ಎದ್ದು ಮೆತ್ತಗೆ ಕೇಳಿದ. “ನಿಮ್ಮ ಇಂಟೆನ್ಷನ್ ಬಗ್ಗೆ ಡೌಟ್ ಇಲ್ಲ ಮೇಡಂ. ಆದ್ರೆ ಹಾಗೇ ಎಳೆದಿದ್ರೆ ಗೇರ್‌ಬಾಕ್ಸ್ ಹೋಗ್ತಿತ್ತು ಅನ್ನೋಕೆ ಪ್ರೂಫ್ ಏನಿದೆ?”

ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ಹಳೇ ಮೇಜಿನ ಮೇಲಿನ ನೀಲಿ ಬೇರಿಂಗುಗಳ ನೆನಪು. ಅದನ್ನು ಮೀಟಿಂಗಿನಲ್ಲಿ ಹೇಗೆ ತೋರಿಸುವುದು?

ಸುರಕ್ಷಿತವಾಗಿ ಮುಗಿದ ಕೆಲಸಕ್ಕೆಲ್ಲ ಇದೇ ಗತಿ. ಮೇಲಿನ ಟ್ಯಾಂಕ್ ತೊಳೆಸುವುದನ್ನು ಹಿಂದಿನ ಕಮಿಟಿ ನಿಲ್ಲಿಸಿತು, ಕಾರಣ: ಯಾರಿಗೂ ಹೊಟ್ಟೆ ಕೆಟ್ಟಿಲ್ಲ. ನನ್ನ ಅತ್ತೆಯವರು ಬಿಪಿ ಮಾತ್ರೆ ಬಿಟ್ಟರು, ಕಾರಣ: ಬಿಪಿ ಸರಿಯಾಗಿದೆ. ಮಾತ್ರೆ ತಗೊಂಡಿದ್ದಕ್ಕೇ ಸರಿಯಾಗಿದ್ದು ಎಂದರೆ, “ಅದು ನಿನಗ ಹೆಂಗ ಗೊತ್ತು?” ಎಂದರು. ಹೌದಲ್ಲ, ಹೇಗೆ ಗೊತ್ತು?

ನಿರ್ಣಯ ಪಾಸಾಯಿತು. ಇನ್ನು ಗೇಟಿನಲ್ಲಿ ಯಾವ ಗಾಡಿ ನಿಂತರೂ ಇದ್ದ ಸ್ಥಿತಿಯಲ್ಲೇ, ತಕ್ಷಣ ಎಳೆಸಬೇಕು. ಎಲ್ಲರೂ ಕೈ ಎತ್ತಿದರು. ನಾನು ಎತ್ತಲಿಲ್ಲ, ವಾದವನ್ನೂ ಮಾಡಲಿಲ್ಲ. ದಣಿದಿದ್ದೆ.

ಮುಂದಿನ ಸಲ ಹಾಗೇ ಎಳೆದು ಗೇರ್‌ಬಾಕ್ಸ್ ಸುಟ್ಟರೆ ನನ್ನ ಹತ್ತಿರ ಪ್ರೂಫ್ ಇರುತ್ತದೆ, ಬಸವರಾಜನ ಹತ್ತಿರ ಗಾಡಿ ಇರುವುದಿಲ್ಲ. ಅಂಥ ಪ್ರೂಫ್ ಕಟ್ಟಿಕೊಂಡು ಏನು ಮಾಡಲಿ, ಹೇಳಿ?