ಅಕ್ಕನ ರೈಲು ಪಾಸು

ಬಸ್ಸು ಓಡಿಸುತ್ತಲೇ ಅರ್ಧ ಆಯುಷ್ಯ ಸವೆಸಿದ್ದ ಅಕ್ಕ, ನಿವೃತ್ತಳಾದೊಡನೆ ಯುರೋಪಿನ ರೈಲು ಪಾಸು ಕೊಂಡಳು. ಪಾಸಿನಲ್ಲಿ ಪಯಣಕ್ಕೆ ಐದೇ ದಿನ. ಉತ್ತರದ ತುದಿಯ ಸಮುದ್ರವನ್ನೊಮ್ಮೆ ಕಾಣಬೇಕೆಂಬುದು ಅವಳ ಬಹುದಿನದ ಆಸೆ. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ಪೆನ್ಸಿಲಿನಲ್ಲಿ ದಾರಿ ಎಳೆದು, ಜೊತೆಗೆ ಹೊರಡಲಿದ್ದ ತಂಗಿಗೆ ತೋರಿಸಿದಳು.

ತಂಗಿ ಹಣೆ ಚಚ್ಚಿಕೊಂಡಳು. "ಅಯ್ಯೋ, ದಿನಾ ರಾತ್ರಿ ಹೊರಟ ಊರಿಗೇ ವಾಪಸ್ ಬರ್ತೀವಲ್ಲಕ್ಕಾ! ಹೀಗಾದ್ರೆ ಸಮುದ್ರ ನೋಡಿದ ಹಾಗೇ ಬಿಡು."

"ಮತ್ತೆ? ರಾತ್ರಿ ಗಾಡಿ ಡಿಪೋ ಸೇರಬೇಡ್ವಾ?"

"ಗಾಡಿ ಚಿಂತೆ ನಿನಗ್ಯಾಕೆ? ಈ ಸಲ ನೀನು ಪ್ಯಾಸೆಂಜರ್ರು. ಇಳಿದ ಊರಲ್ಲೇ ಮಲಗೋದು."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರಳುವ ಗೆರೆಗಳನ್ನೆಲ್ಲ ಅಳಿಸಿ ಹೊಸದಾಗಿ ಎಳೆದಾಗ, ಮೂರನೆಯ ದಿನದ ಸಂಜೆಗೇ ಕಡಲ ದಡ ಸಿಕ್ಕಿತು.

"ಅಲ್ಲೇ ಒಂದೆರಡು ದಿನ ಸುಮ್ನೆ ಕೂತಿರೋಣ್ವೇನೇ?" ಎಂದಳು ಅಕ್ಕ.