ಗಾಡಿ ಓಡಿಸುತ್ತಿದ್ದವರು ಯಾರು

ಬಾರ್ಬಾರ್ ಎಂಬ ಊರಿನ ನಮ್ಮ ಓಣಿಯಲ್ಲಿ ಝಕಿಯಾ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಮದುಮಗಳ ಅಂಗೈ ಹಿಡಿದು ಮದರಂಗಿ ಬಿಡಿಸುವಾಗ ಮಾತ್ರ ಅವಳ ಮೈ ಒಂದು ಹದಕ್ಕೆ ಬರುತ್ತಿತ್ತು. ಉಳಿದ ಹೊತ್ತಿನಲ್ಲಿ ಒಲೆಯ ಮೇಲೆ ಚಹಾ ಇಟ್ಟು ಬಾಗಿಲಿಗೆ ಓಡುವಳು, ಬಾಗಿಲಿನಿಂದ ಮಾಳಿಗೆಗೆ, ಅಲ್ಲಿಂದಲೇ ಪಕ್ಕದ ಮನೆಯ ನನ್ನನ್ನು ಕೂಗಿ ಯಾರದೋ ಸುದ್ದಿ ಕೇಳುವಳು. ಅಷ್ಟರಲ್ಲಿ ಚಹಾ ಉಕ್ಕಿರುತ್ತಿತ್ತು. ಇನ್ನೊಬ್ಬರ ಕಷ್ಟವೆಂದರೆ ಕರೆಯದಿದ್ದರೂ ಹೋಗಿ ನಿಲ್ಲುವ ಸ್ವಭಾವ. ಮಗ ಹಸನ್ ಶಾಲೆಯ ಕಿಟಕಿ ಒಡೆದಾಗ ಮುಖ್ಯೋಪಾಧ್ಯಾಯರ ಮುಂದೆ ಕ್ಷಮೆ ಕೇಳಿದ್ದು ಅವಳೇ. ಮಗಳು ಫಾದಿಲಾ ಅಜ್ಜಿಯ ಗಾಜಿನ ಹೂಜಿ ಬೀಳಿಸಿದಾಗ, "ನನ್ನ ಸೆರಗು ತಗುಲ್ತು" ಎಂದದ್ದೂ ಅವಳೇ. ಅವಳ ಗಂಡ ಮನ್ಸೂರ್ ನಗುತ್ತ ಹೇಳುತ್ತಿದ್ದ, "ಈ ದ್ವೀಪದಲ್ಲಿ ಯಾರೇ ತಪ್ಪು ಮಾಡ್ಲಿ, ಕೊನೆಗೆ ಅದು ನನ್ನ ಹೆಂಡ್ತಿ ಹೆಸರಿಗೇ ಬರುತ್ತೆ."

ಆ ವರ್ಷ ಝಕಿಯಾಳ ತಂಗಿಯ ಮಗಳ ಮದುವೆ ಗೊತ್ತಾಗಿತ್ತು. ಊರಿಗೆಲ್ಲ ಮದರಂಗಿ ಹಚ್ಚುವವಳ ಕೈ ಬರಿದಾಗಿರಬಾರದೆಂದು ಜಿದ್‌ಹಫ್ಸ್‌ನಲ್ಲಿರುವ ತಂಗಿ ಅವಳನ್ನು ಹಿಡಿದು ಕೂರಿಸಿ, ಎರಡೂ ಕೈಗೆ ಮಣಿಕಟ್ಟಿನವರೆಗೆ ದಟ್ಟವಾಗಿ ಮೆತ್ತಿದಳು. ಮೇಲೆ ಹತ್ತಿ, ಅದರ ಮೇಲೆ ಪ್ಲಾಸ್ಟಿಕ್ ಚೀಲ. ವಾಪಸು ಬರುವಾಗ ಕಾರಿನ ಕೀಲಿ ಫಾದಿಲಾಳ ಕೈಗೆ ಹೋಯಿತು. ಫಾದಿಲಾ ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ, ಇಪ್ಪತ್ತೆರಡರ ಹುಡುಗಿ. ಲೈಸೆನ್ಸ್ ಸಿಕ್ಕಿ ಕೆಲವೇ ತಿಂಗಳಾಗಿತ್ತು. ಹುಷಾರಿ, ಬೇಕಾದ್ದಕ್ಕಿಂತ ಹೆಚ್ಚೇ ಹುಷಾರಿ.

ಅವಳ ಪಕ್ಕದಲ್ಲಿ ಝಕಿಯಾ. ಕೈ ಎರಡೂ ಕಟ್ಟಿ ಹಾಕಿದಂತಾಗಿ, ಕೈಯಿಂದ ಮಾಡಲಾಗದ್ದನ್ನೆಲ್ಲ ಬಾಯಿಂದ ಮಾಡತೊಡಗಿದಳು.

"ನಿಧಾನ, ನಿಧಾನ. ಆ ಬಿಳಿ ಗಾಡಿ ನೋಡು. ಸಿಗ್ನಲ್ ಹಾಕಿದ್ಯಾ?"

"ಹಾಕಿದೀನಿ ಯುಮ್ಮಾ."

"ಶಬ್ದ ಬರ್ಲಿಲ್ವಲ್ಲ?"

"ನೀನು ಮಾತಾಡ್ತಾ ಇದ್ರೆ ಹೇಗೆ ಕೇಳ್ಸುತ್ತೆ?"

ಬುದಯ್ಯಾ ರಸ್ತೆಯಲ್ಲಿ ಸಂಜೆಯ ಗಾಡಿಗಳು ಒಂದರ ಬಾಲ ಒಂದು ಹಿಡಿದಂತೆ ತೆವಳುತ್ತಿದ್ದವು. ಮುಂದೆ ಹೂಕುಂಡಗಳನ್ನು ಹೇರಿಕೊಂಡ ಒಂದು ಹಳೆಯ ಪಿಕಪ್. ಬಲಗಡೆಯ ಪೆಟ್ರೋಲ್ ಬಂಕಿನಿಂದ ಕಾರೊಂದು ಮೂತಿ ಹಾಕಿತು. ಅದು ಅಲ್ಲೇ ನಿಂತೂಬಿಟ್ಟಿತು. ಝಕಿಯಾ ಮಾತ್ರ "ಅಯ್ಯೋ ಫಾದಿಲಾ!" ಎಂದು ಎದೆ ಒಡೆಯುವಂತೆ ಕಿರುಚಿದಳು. ಹುಡುಗಿ ತಿರುಗಿ ಅಮ್ಮನ ಮುಖ ನೋಡಿದಳು. ನೋಡಿದ್ದು ರೆಪ್ಪೆ ಬಡಿಯುವಷ್ಟು ಹೊತ್ತು. ಪಿಕಪ್ ನಿಂತಿತ್ತು, ಇವರ ಕಾರು ನಿಂತಿರಲಿಲ್ಲ.

ದೊಡ್ಡದೇನೂ ಆಗಲಿಲ್ಲ. ಪಿಕಪ್ಪಿನ ಹಿಂದಿನ ದೀಪ ಪುಡಿಯಾಯಿತು, ಒಂದು ಮಲ್ಲಿಗೆಯ ಕುಂಡ ಉರುಳಿತು. ಇವರ ಮುಂದಿನ ಬಂಪರ್ ಬಿರುಕು ಬಿಟ್ಟು ಒಂದು ಕಡೆ ಜೋತುಬಿತ್ತು. ಫಾದಿಲಾ ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತಿದ್ದಳು. ಝಕಿಯಾ ಮೊಣಕೈಯಿಂದ ಬಾಗಿಲ ಹಿಡಿಕೆ ಎಳೆದು ಆಗಲೇ ರಸ್ತೆಗೆ ಇಳಿದಾಗಿತ್ತು.

ಪಿಕಪ್ಪಿನಿಂದ ಇಳಿದವನು ಹಾಜಿ ಮಕ್ಕಿ. ಅದೇ ರಸ್ತೆಯಲ್ಲಿ ಸಸಿಗಳನ್ನು ಮಾರುವ ಮುದುಕ.

"ತಪ್ಪು ನನ್ನದು ಹಾಜಿ," ಎಂದಳು ಝಕಿಯಾ, ಅವನು ಬಾಯಿ ತೆರೆಯುವ ಮೊದಲೇ. "ನಾನೇ ಓಡಿಸ್ತಿದ್ದೆ."

ಹಾಜಿ ಅವಳ ಪ್ಲಾಸ್ಟಿಕ್ ಕೈಗಳನ್ನು ನೋಡಿದ. ಆಮೇಲೆ ಕಾರಿನೊಳಗೆ ನೋಡಿದ.

"ಕಾಲಲ್ಲಿ ತಿರುಗಿಸ್ತಿದ್ರಾ ಸ್ಟೀರಿಂಗು? ಹಾಗಾದ್ರೆ ಅಲ್ಲಿ ಕೂತಿರೋ ಹುಡುಗಿ ಯಾರು, ಗಾಡಿ ಕಾವಲಿಗೆ ಇಟ್ಕೊಂಡಿದೀರಾ?"

"ಅವಳು... ಈಗ ಬಂದು ಕೂತ್ಲು."

"ಮಾಶಾ ಅಲ್ಲಾ, ಏನು ಚುರುಕು!" ಎಂದ ಹಾಜಿ. ಹಿಂದೆ ಹಾರ್ನ್‌ಗಳ ಸುರಿಮಳೆ. ಇಳಿಬಿಸಿಲಿಗೂ ಸಸಿಗಳು ಬಾಡುತ್ತಿದ್ದವು. "ಯಾರಾದ್ರೂ ಆಗ್ಲಿ ತಾಯಿ, ಹಿಂದಿನಿಂದ ಗುದ್ದಿದ್ದು ನಿಮ್ಮ ಗಾಡಿ. ಫೋಟೋ ತಗೊಳ್ಳಿ, ವಿಮೆ ಕಂಪನಿಗೆ ಕಳ್ಸಿ. ನನ್ನ ದೀಪ ಸರಿಯಾದ್ರೆ ಸಾಕು."

ಫೋಟೋ ತೆಗೆದವಳು ಫಾದಿಲಾ. ವಿಮೆಯವರಿಗೆ ಮೊಬೈಲಿನಲ್ಲಿ ವಿವರ ತುಂಬಿದವಳೂ ಅವಳೇ, ಏಕೆಂದರೆ ಅಮ್ಮನ ಬೆರಳುಗಳು ಪ್ಲಾಸ್ಟಿಕ್ ಮೂಟೆಯೊಳಗಿದ್ದವು. ಓಡಿಸುತ್ತಿದ್ದವರ ಹೆಸರು ಎಂಬಲ್ಲಿ ಅವಳ ಬೆರಳು ನಿಂತಿತು.

"ನನ್ನ ಹೆಸರು ಹಾಕು," ಎಂದಳು ಝಕಿಯಾ.

"ಯುಮ್ಮಾ, ಬೇಡ."

"ಹಾಕು ಅಂದ್ನಲ್ಲ. ಜನ ನೋಡ್ತಿದಾರೆ, ಬೇಗ."

ಫಾದಿಲಾ ಹಾಕಿದಳು. ಮನೆ ಬಂದ ಮೇಲೆ ಫಾದಿಲಾ ಕೀಲಿಯನ್ನು ಮೊಳೆಗೆ ನೇತುಹಾಕಿದಳು. ಮಾರನೆಯ ದಿನದಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗತೊಡಗಿದಳು.

ಬಂಪರ್ ನೋಡಿ ಮನ್ಸೂರ್ ಬೈಯಲಿಲ್ಲ. ಸಲ್ಮಾಬಾದಿನ ಗ್ಯಾರೇಜಿನವನಿಗೆ ಫೋಟೋ ಕಳಿಸಿ ವಿಚಾರಿಸಿದ; ತೊಂಬತ್ತೈದು ದಿನಾರು ಎಂದ ಅವನು. ಆಮೇಲೆ ಮನ್ಸೂರ್ ರೊಟ್ಟಿಗೆ ಮೀನಿನ ಮಹ್ಯಾವಾ ಚಟ್ನಿ ಸವರುತ್ತ ಹೆಂಡತಿಗೆ ಬಿಡಿಸಿ ಹೇಳಿದ.

"ಹಾಜಿ ಗಾಡಿ ಖರ್ಚು ಪೂರ್ತಿ ಕಂಪನೀದು. ಅದಕ್ಕೆ ನಾವು ಒಂದು ಪೈಸಾನೂ ಕೊಡಬೇಕಿಲ್ಲ. ನಮ್ಮ ಗಾಡಿದು ಬೇರೆ ಲೆಕ್ಕ. ತಪ್ಪು ನಮ್ಮದಾದಾಗ ಮೊದಲನೇ ಪಾಲು ನಾವೇ ಹೊರಬೇಕು. ಅದಕ್ಕೇ ತಹಮ್ಮುಲ್ ಅನ್ನೋದು, ಹೊತ್ತುಕೊಳ್ಳೋದು. ನಮ್ಮ ವಿಮೇಲಿ ಅದು ಐವತ್ತು ದಿನಾರು. ಐವತ್ತರ ಮೇಲೆ ಎಷ್ಟಾಗುತ್ತೋ ಅದು ಅವರದು."

"ಅಂದ್ರೆ ನಾವು ಐವತ್ತು, ಅವರು ನಲವತ್ತೈದು."

"ನೀನು ಓಡಿಸಿದ್ರೆ ಹಾಗೆ. ಓಡಿಸಿದೋರು ಎಳೇ ವಯಸ್ಸಿನೋರು, ಹೊಸ ಲೈಸೆನ್ಸಿನೋರು ಅಂದ್ರೆ ಇನ್ನೂ ನೂರು ಸೇರುತ್ತೆ. ನೂರೈವತ್ತು."

"ಗ್ಯಾರೇಜಿನ ಖರ್ಚೇ ಅಷ್ಟಿಲ್ವಲ್ಲ!"

"ಅದೇ ಮತ್ತೆ. ನಮ್ಮ ಪಾಲೇ ಖರ್ಚಿಗಿಂತ ದೊಡ್ಡದು. ಆಗ ಕಂಪನಿ ಏನೂ ಕೊಡಲ್ಲ. ಪೂರಾ ತೊಂಬತ್ತೈದು ನಾವೇ ಇಡಬೇಕು."

"ಹಾಗಾದ್ರೆ ವಿಮೆ ಯಾಕೆ? ಗೋಡೆಗೆ ನೇತುಹಾಕೋಕಾ?"

"ಗಾಡಿ ನುಜ್ಜುಗುಜ್ಜಾದ್ರೆ ಆಗ ಗೊತ್ತಾಗುತ್ತೆ ಯಾಕೆ ಅಂತ," ಎಂದ ಮನ್ಸೂರ್. ಎದ್ದು ಕೈ ತೊಳೆದ. ಬಾಗಿಲಲ್ಲಿ ನಿಂತು ಕೇಳಿದ, "ಓಡಿಸಿದ್ದು ನೀನೇ ತಾನೆ?"

"ನಾನಲ್ದೆ ಇನ್ಯಾರು," ಎಂದಳು ಝಕಿಯಾ, ಅವನ ಮುಖ ನೋಡದೆ.

ಅಲ್ಲಿಂದ ಶುರುವಾಯಿತು ಅವಳ ತಳಮಳ. ಮೊದಲೇ ಕೂತಲ್ಲಿ ಕೂರದ ಜೀವ, ಈಗ ನಿಂತಲ್ಲಿ ನಿಲ್ಲಲೂ ಆಗದಾಯಿತು. ಬೆಳಿಗ್ಗೆ ಒಂದೇ ಅಂಗಳವನ್ನು ಮತ್ತೆ ಮತ್ತೆ ಗುಡಿಸುವಳು. ಮೊಬೈಲು ಗುಂಯ್‌ಗುಟ್ಟಿದರೆ ಬೆಚ್ಚುವಳು. ಅವಳನ್ನು ತಿನ್ನುತ್ತಿದ್ದುದು ಬರೀ ಸುಳ್ಳಲ್ಲ. ಕಿರುಚಿದವಳು ತಾನು, ಕಿರುಚದಿದ್ದರೆ ಹುಡುಗಿ ತಿರುಗುತ್ತಿರಲಿಲ್ಲ, ಆದ್ದರಿಂದ ಗುದ್ದಿದ್ದೂ ತಾನೇ, ಹೇಳಿದ್ದು ನಿಜಕ್ಕೆ ಹತ್ತಿರದ್ದೇ. ಹೀಗೆ ತನಗೆ ತಾನೇ ವಾದಿಸುವಳು, ಗೆಲ್ಲುವಳು, ಒಲೆಯ ಮುಂದೆ ನಿಂತಾಗ ಮತ್ತೆ ಸೋಲುವಳು.

ಮದರಂಗಿಯ ಸಂಜೆ ಜಿದ್‌ಹಫ್ಸ್‌ನ ಮನೆಯ ತುಂಬ ಹಸಿರು ಬಟ್ಟೆಯ ಹೆಂಗಸರು, ಮುಡಿಯಲ್ಲಿ ಕಾಮಕಸ್ತೂರಿಯಂಥ ಮಶ್ಮೂಮಿನ ಕುಡಿಗಳ ಘಮ, ದಫ್ಫಿನ ಸದ್ದು. ಮದುಮಗಳ ಪಾದಕ್ಕೆ ಬಳ್ಳಿ ಬಿಡಿಸುತ್ತಿದ್ದ ಝಕಿಯಾಳ ಗೆರೆ ಅಡ್ಡ ಹೋಯಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ. ನಾನು ಪಕ್ಕದಲ್ಲೇ ಇದ್ದೆ. "ಏನಾಯ್ತೇ?" ಎಂದೆ. "ಗಾಡಿ ವಿಷಯ," ಎಂದು ಎಲ್ಲವನ್ನೂ ಅಲ್ಲೇ, ಆ ಹಾಡಿನ ಗದ್ದಲದಲ್ಲೇ, ನನ್ನ ಕಿವಿಯಲ್ಲಿ ಸುರಿದಳು.

"ನಲವತ್ತೈದು ದಿನಾರಿಗೆ ಇಷ್ಟೊಂದಾ?" ಎಂದೆ.

"ದುಡ್ಡಿಗಲ್ವೇ. ಅವಳ ಹೆಸರಲ್ಲಿ ಯಾಕೆ ಬರಬೇಕು? ಮಗು ಅದು."

ಆ 'ಮಗು' ಎದುರುಗಡೆ ಅತಿಥಿಗಳಿಗೆ ಕಾಫಿ ಹಂಚುತ್ತಿತ್ತು. ಅಮ್ಮನ ಬಳಿ ಬಂದಾಗ ಲೋಟ ಇಟ್ಟು, ಕಣ್ಣೆತ್ತದೆ ಹೋಯಿತು.

ಮರುದಿನ ಝಕಿಯಾ ಹಾಜಿ ಮಕ್ಕಿಯ ಸಸಿತೋಟಕ್ಕೆ ಹೋದಳು. ಅಂದು ಉರುಳಿದ ಮಲ್ಲಿಗೆಗೆ ಬದಲು ಇನ್ನೊಂದು ಕುಂಡ ಕೊಳ್ಳುವ ನೆಪ. ಹಾಜಿ ಪೈಪು ಹಿಡಿದು ನೀರು ಬಿಡುತ್ತಿದ್ದ.

"ಹಾಜಿ, ಕಂಪನಿಯವರು ನಿಮ್ಮನ್ನ ಏನಾದ್ರೂ ಕೇಳಿದ್ರಾ?"

"ಯಾರು ಓಡಿಸ್ತಿದ್ರು ಅಂತಾನಾ? ಇನ್ನೂ ಕೇಳಿಲ್ಲ."

"ಕೇಳಿದ್ರೆ..."

"ಕೇಳಿದ್ರೆ ಕಂಡದ್ದು ಹೇಳ್ತೀನಿ. ನಾನಾಗೇ ಹೋಗಿ ಚಾಡಿ ಹೇಳಲ್ಲ, ಕೇಳಿದ್ರೆ ಸುಳ್ಳೂ ಹೇಳಲ್ಲ." ಅವನು ನೀರು ನಿಲ್ಲಿಸಿ, ಹಸನ್‌ನ ತಾಯಿ ಎಂದು ಊರಿನವರು ಕರೆಯುವಂತೆಯೇ ಕರೆದ. "ಉಮ್ಮು ಹಸನ್, ಅಡ್ಡ ಬಾಗಿದ ಸಸಿಗೆ ಕೋಲು ಕಟ್ಟೋದು ಸರಿ. ನೆಟ್ಟಗೆ ನಿಂತಿರೋದಕ್ಕೂ ಕಟ್ಟಿದ್ರೆ ಕಾಂಡ ಗಟ್ಟಿಯಾಗಲ್ಲ. ತೋಟದ ಮಾತು, ನಿಮಗೆ ಹೇಳಿದ್ದಲ್ಲ."

"ನನಗೇ ಹೇಳಿದ್ದು," ಎಂದು ಝಕಿಯಾ ಸಿಟ್ಟಿನಿಂದ ಹೊರಟು ಬಂದಳು. ಕುಂಡ ಕೊಳ್ಳಲು ಮರೆತಿದ್ದಳು.

ಆ ವಾರವೇ ಕಂಪನಿಯಿಂದ ಕರೆ ಬಂತು: ಗಾಡಿ ತನ್ನಿ, ಓಡಿಸುತ್ತಿದ್ದವರು ಬನ್ನಿ, ಹೇಳಿಕೆಗೆ ಸಹಿ ಹಾಕಿ. ಝಕಿಯಾ ಒಬ್ಬಳೇ ಹೊರಟಿದ್ದಳು. ಫಾದಿಲಾ ಆಸ್ಪತ್ರೆಗೆ ರಜೆ ಹೇಳಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. "ನೀನ್ಯಾಕೆ?" ಎಂದರೆ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು. ಸಿಗ್ನಲ್ ಕೆಂಪಾದಾಗಲೆಲ್ಲ ಝಕಿಯಾ ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದಳು. ಮದರಂಗಿ ಕಡುಗೆಂಪಾಗಿ ಏರಿತ್ತು.

ವಿಮೆ ಕಚೇರಿಯಲ್ಲಿ ಮೇಜಿನ ಹಿಂದೆ ರಬಾಬ್ ಎಂಬ ತರುಣಿ. ನಗುಮುಖ, ಶೀತಕ್ಕೆ ಕಟ್ಟಿದ ದನಿ. ಬಂಪರ್ ನೋಡಿ ಬಂದು ಕೂತು ಕೇಳಿದಳು, "ಅಪಘಾತ ಆದಾಗ ಓಡಿಸ್ತಿದ್ದೋರು ಯಾರು?"

ಝಕಿಯಾ ಬಾಯಿ ತೆರೆದಳು. ಅಷ್ಟು ದಿನ ಒಲೆಯ ಮುಂದೆ ಕಟ್ಟಿಟ್ಟ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ನಾನು," ಎಂದಳು ಫಾದಿಲಾ.

"ಇಲ್ಲಿ ಝಕಿಯಾ ಅಂತಿದೆಯಲ್ಲ?"

"ತಪ್ಪಾಗಿ ತುಂಬಿದ್ದು. ತುಂಬಿದ್ದೂ ನಾನೇ."

"ಕಿರುಚಿದ್ದು ನಾನು!" ಎಂದು ಝಕಿಯಾ ಕುರ್ಚಿಯಿಂದ ಎದ್ದೇಬಿಟ್ಟಳು. "ನನ್ನ ಕಿರುಚಾಟಕ್ಕೆ ಹೆದರಿ ಗುದ್ದಿದ್ದು. ಅದನ್ನೂ ಬರ್ಕೊಳ್ಳಮ್ಮ."

ರಬಾಬ್ ಮೂಗು ಒರೆಸಿಕೊಂಡಳು. "ಕಿರುಚಿದೋರಿಗೆ ಇಲ್ಲಿ ಜಾಗ ಇಲ್ಲ ಖಾಲಾ. ಸ್ಟೀರಿಂಗ್ ಹಿಡಿದೋರಿಗೆ ಮಾತ್ರ." ಆಮೇಲೆ ದನಿ ತಗ್ಗಿಸಿ, "ಸಹಿಗೆ ಮುಂಚೆ ಹೇಳಿದ್ದು ಒಳ್ಳೇದಾಯ್ತು. ಸಹಿ ಹಾಕಿದ್ಮೇಲೆ ಗೊತ್ತಾಗಿದ್ರೆ, ಆ ಪಿಕಪ್ಪಿನ ಖರ್ಚನ್ನೂ ಕಂಪನಿ ನಿಮ್ಮಿಂದಲೇ ವಸೂಲಿ ಮಾಡೋ ಹಾಗಾಗ್ತಿತ್ತು. ಈಗ ತಿದ್ದಿದ್ರಾಯ್ತು. ಆದ್ರೆ ನಿಮ್ಮ ಪಾಲು ನೂರೈವತ್ತಾಗುತ್ತೆ. ನಿಮ್ಮ ಗಾಡಿ ರಿಪೇರಿ ಅದಕ್ಕಿಂತ ಕಡಿಮೆ. ನಮ್ಮ ಕಡೆಯಿಂದ ಏನೂ ಬರಲ್ಲ. ಹಾಜಿದು ನಾವು ಮಾಡಿಸ್ತೀವಿ."

"ಸರಿ," ಎಂದು ಫಾದಿಲಾ ಸಹಿ ಹಾಕಿದಳು.

ಹೊರಗೆ ಗಾಡಿ ನಿಲ್ಲಿಸಿದ್ದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಝಕಿಯಾ ಕಾರಿನ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು.

"ಏನು ಅರ್ಜೆಂಟಿತ್ತು ನಿನಗೆ? ನಾನು ಹೇಳ್ತಿರ್ಲಿಲ್ವಾ?"

"ಏನು ಹೇಳ್ತಿದ್ದೆ?"

ಝಕಿಯಾ ಮೂರನೆಯ ಸುತ್ತಿಗೆ ಹೊರಟಳು.

"ಯುಮ್ಮಾ, ಅಜ್ಜಿ ಹೂಜಿ ಒಡೆದೋಳು ನಾನು. ಇವತ್ತಿಗೂ ಅಜ್ಜಿ ನಿನ್ನನ್ನ ಬೈತಾಳೆ, ನಾನು ಪಕ್ಕದಲ್ಲಿ ಕೂತು ಕೇಳ್ತೀನಿ. ನನಗೆ ಹೇಗಾಗುತ್ತೆ ಅಂತ ಒಂದು ದಿನ ಕೇಳಿದ್ಯಾ? ನನ್ನ ಒಂದು ತಪ್ಪಾದ್ರೂ ನನ್ನ ಹತ್ರ ಇರೋಕೆ ಬಿಡು." ಅವಳು ಬಿರುಕುಬಿಟ್ಟ ಬಂಪರಿನ ಮೇಲೆ ಕೈ ಇಟ್ಟಳು. "ಈ ವಾರವೆಲ್ಲ ಕೀಲಿ ಮುಟ್ಟೋಕೆ ಭಯ ಆಗಿದ್ದು ಗುದ್ದಿದ್ದಕ್ಕಲ್ಲ. ಮತ್ತೆ ಏನಾದ್ರೂ ಆದ್ರೆ ನೀನು ಮತ್ತೆ ಹಾರಿ ಮುಂದೆ ನಿಲ್ತೀಯಲ್ಲ, ಅದಕ್ಕೆ."

ಝಕಿಯಾ ನನಗೆ ಆಮೇಲೆ ಹೇಳಿದಳು: "ಕೆನ್ನೆಗೆ ಹೊಡೆದಿದ್ರೂ ಅಷ್ಟು ಉರೀತಿರ್ಲಿಲ್ಲ ಕಣೇ. ಅವಳು ಹೇಳಿದ್ದು ಸರಿ ಅಂತ ಅಲ್ಲೇ ಗೊತ್ತಾಯ್ತು. ಆದ್ರೆ ಕೈಗೆ ಗೊತ್ತಾಗ್ಬೇಕಲ್ಲ, ಕಾಲಿಗೆ ಗೊತ್ತಾಗ್ಬೇಕಲ್ಲ."

ಗ್ಯಾರೇಜಿನವನು ಹೊಸ ಬಂಪರ್ ಬೇಡವೆಂದ. ಬಿರುಕು ಬೆಸೆದು ಬಣ್ಣ ಹೊಡೆದರೆ ಅರ್ಧಕ್ಕರ್ಧ ಉಳಿಯುತ್ತದೆಂದ. ಫಾದಿಲಾ ತನ್ನ ಸಂಬಳದಲ್ಲಿ ಕೊಟ್ಟಳು. ಝಕಿಯಾ ಪರ್ಸು ತೆಗೆದಾಗ ಮನ್ಸೂರ್ ಅದನ್ನು ಮೆಲ್ಲನೆ ಮುಚ್ಚಿ ಅವಳ ಕೈಗೇ ಇಟ್ಟ. ಹೆಂಡತಿ ತನ್ನೊಡನೆ ಸುಳ್ಳು ಹೇಳಿದ್ದನ್ನು ಅವನು ಎತ್ತಲೇ ಇಲ್ಲ. ಅದೇ ಅವಳಿಗೆ ಇನ್ನೊಂದು ಸಂಕಟವಾಗಿ, "ಬೈದುಬಿಡಿ ಒಂದ್ಸಲ" ಎಂದು ತಾನೇ ಹೋಗಿ ಕೇಳಿದಳು. "ಪುರ್ಸೊತ್ತಾದಾಗ," ಎಂದು ಅವನು ಮಗ್ಗುಲು ತಿರುಗಿ ಮಲಗಿದ.

ಬಣ್ಣ ಪೂರ್ತಿ ಹೊಂದಲಿಲ್ಲ. ಒಂದು ಕಡೆ ಕಾರು ಸ್ವಲ್ಪ ಹೆಚ್ಚು ಬೆಳ್ಳಗೆ ಕಾಣುತ್ತದೆ.

ಈಗ ಮದುವೆ ಮನೆಗಳಿಗೆ ಝಕಿಯಾಳನ್ನು ಸಂಜೆ ಕರೆದೊಯ್ಯುವವಳು ಫಾದಿಲಾ. ಮೊನ್ನೆ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ವೃತ್ತದ ಬಳಿ ಲಾರಿಯೊಂದು ಮೈಮೇಲೆ ಬಂದಂತೆ ನುಗ್ಗಿತು. ಝಕಿಯಾಳ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು, ಬಾಯಿ ಅರ್ಧ ತೆರೆಯಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು. ಫಾದಿಲಾ ನಿಧಾನಿಸಿ, ಲಾರಿಗೆ ದಾರಿ ಬಿಟ್ಟು, ತಿರುವು ತೆಗೆದುಕೊಂಡಳು.

"ಹೇಳು ಯುಮ್ಮಾ, ಏನೋ ಹೇಳೋಕೆ ಹೊರಟಿದ್ದೆ."

"ಏನಿಲ್ಲ," ಎಂದಳು ಝಕಿಯಾ. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಕೇಳಿದಳು, "ಸಿಗ್ನಲ್ ಹಾಕಿದ್ಯಾ?"